ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಯಂತ್ರದ ಬಳಕೆ
(ಚಿತ್ತವಾಡ್ಗಿಯ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ವೈದ್ಯರು ಆಡಿದ ಮಾತುಗಳು)



ಬೈಕಿನಿಂದ ಬಿದ್ದು ಮೂಗು ಸೊಟ್ಟಗಾದವರು, ಹುಟ್ಟಿನಿಂದಲೇ ಮೂಗು ಡೊಂಕಾಗಿರುವವರು ನಮ್ಮಲ್ಲಿಗೆ ಬರುತ್ತಾರೆ. ಕೆಲವರು "ಡಾಕ್ಟ್ರೇ, ಮೂಗಿಗೆ ಮಷಿನ್ ಹಚ್ತೀರೇನ್ರಿ?" ಎಂದು ಹೆದರುತ್ತಾರೆ. ಮತ್ತೆ ಕೆಲವರು "ಸಾಲ ಮಾಡಿಯಾದ್ರೂ ರೊಕ್ಕ ತರ್ತೀವ್ರಿ, ಮಷಿನ್‌ನಿಂದಲೇ ಮಾಡ್ರಿ" ಎನ್ನುತ್ತಾರೆ. ಇಬ್ಬರಿಗೂ ಉತ್ತರ ಹೇಳಬೇಕಾಗಿದೆ.

ಮೂಗಿನ ಮೇಲ್ಭಾಗ ಎಲುಬು, ಕೆಳಭಾಗ ಮೃದ್ವಸ್ಥಿ. ಎಲುಬಿನ ಗುಬುಟು ತೆಗೆಯಲು, ಸೊಟ್ಟ ನೆಟ್ಟಗೆ ಮಾಡಲು ಸಣ್ಣ ಉಳಿ, ಸುತ್ತಿಗೆ, ಅರ ಬಹುಕಾಲದಿಂದ ಬಳಕೆಯಲ್ಲಿವೆ. ಇಂದಿಗೂ ಅವು ಒಳ್ಳೆಯ ಸಾಧನಗಳೇ. ಈಗ ಅವುಗಳ ಜೊತೆಗೆ ವಿದ್ಯುತ್ತಿನಿಂದ ನಡೆಯುವ ಸಣ್ಣ ಡ್ರಿಲ್, ಗರಗಸ, ಹಾಗೂ ಕಿವಿಗೆ ಕೇಳಿಸದಷ್ಟು ಸೂಕ್ಷ್ಮ ಕಂಪನದಿಂದ ಎಲುಬು ಕತ್ತರಿಸುವ ಯಂತ್ರ ಬಂದಿವೆ. ಇವುಗಳಿಂದ ಎಲುಬನ್ನು ಸ್ವಲ್ಪಸ್ವಲ್ಪವಾಗಿ, ಅಳತೆಗೆ ತಕ್ಕಂತೆ ತೆಗೆಯಬಹುದು. ಕಂಪನದ ಯಂತ್ರವು ಗಟ್ಟಿ ಎಲುಬನ್ನು ಕತ್ತರಿಸಿ ಮೆತ್ತನೆಯ ಭಾಗವನ್ನು ಬಹುಮಟ್ಟಿಗೆ ಉಳಿಸುತ್ತದೆ.

ಯಂತ್ರಕ್ಕೂ ದೋಷಗಳುಂಟು. ಅದು ಕಾಯುತ್ತದೆ, ಆದ್ದರಿಂದ ತಣ್ಣನೆಯ ಉಪ್ಪುನೀರು ಬಿಡುತ್ತಿರಬೇಕು. ತಿರುಗುವ ತುದಿಗೆ ಚರ್ಮ ಸಿಕ್ಕದಂತೆ ಕಾಯಬೇಕು. ಸಮಯವೂ ಖರ್ಚೂ ಹೆಚ್ಚಾಗಬಹುದು.

ಒಂದು ಚರಿತ್ರೆ ಕೇಳಿ. 1790-92ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬುವನು ಸೆರೆಸಿಕ್ಕಿ ಮೂಗು ಕಳೆದುಕೊಂಡನು. ಮುಂದೆ ಪುಣೆಯ ಕಡೆಯ ನಾಟಿ ವೈದ್ಯನೊಬ್ಬನು ಮೊದಲು ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದರ ಅಳತೆಗೆ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕಟ್ಟಿದನು. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಅದನ್ನು ತಿಳಿದ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಅಲ್ಲಿಯೂ ಹಾಗೆಯೇ ಮಾಡಿದರು. ಆ ನಾಟಿ ವೈದ್ಯನ ಬಳಿ ಯಾವ ಯಂತ್ರವಿತ್ತು? ಅಳತೆಯಿತ್ತು, ಪಳಗಿದ ಕೈಯಿತ್ತು.

ಆದ್ದರಿಂದ ಯಂತ್ರದ ಹೆಸರಿಗಾಗಿ ಸಾಲ ಮಾಡಬೇಡಿ. ಯಂತ್ರವೆಂದು ಹೆದರಿ ಚಿಕಿತ್ಸೆ ಬಿಡಲೂ ಬೇಡಿ. ವೈದ್ಯರನ್ನು ಹೀಗೆ ಕೇಳಿ: ಎಷ್ಟು ಎಲುಬು ತೆಗೆಯುತ್ತೀರಿ? ಉಸಿರಾಟ ಸರಿಹೋಗುವುದೇ? ನನಗೆ ಯಾವ ಸಾಧನ ತಕ್ಕದ್ದು, ಏಕೆ? ತೆಗೆದ ಎಲುಬನ್ನು ಮತ್ತೆ ಕೂಡಿಸುವುದು ಸುಲಭವಲ್ಲ.

ಬೀಡಿ, ತಂಬಾಕು ಮೊದಲೇ ಬಿಡಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ತೋರಿಸಿ. ತಾಯಂದಿರು ಮೂಗುಬೊಟ್ಟು ತೆಗೆದಿಟ್ಟು ಬನ್ನಿ. ವೈದ್ಯರು ಹೇಳಿದ ಮೇಲೆಯೇ ಮತ್ತೆ ಹಾಕಿಕೊಳ್ಳಿ. ಕಣ್ಣ ಕೆಳಗಿನ ಕಪ್ಪು ಒಂದೆರಡು ವಾರದಲ್ಲಿ ಹೋಗುತ್ತದೆ. ಬಾವು ಪೂರ್ತಿ ಇಳಿದು ಮೂಗಿನ ರೂಪ ನಿಲ್ಲಲು ಒಂದು ವರ್ಷವಾದರೂ ಆಗಬಹುದು. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಕಣ್ಣು ಮಂಜಾದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ.

ಕೈ ಮಾಡುವುದು ಕಾಯಕ. ಯಂತ್ರ ಅದಕ್ಕೆ ಸಹಾಯಕ. ಎಲ್ಲರೂ ಸರಾಗವಾಗಿ ಉಸಿರಾಡುವಂತಾಗಲಿ.