ನಾರಿನ ನಂಟು

ಹೂವಿನೊಡನೆ ನಾರೂ ಸ್ವರ್ಗಕ್ಕೇರಿತೆಂದು ನಮ್ಮ ಗಾದೆ. ಮಲೆನಾಡಿನ ಅಂಗಳಗಳಲ್ಲಿ ಸುಲಿದು ಎಸೆಯುವ ಅಡಿಕೆ ಸಿಪ್ಪೆಯ ನಾರನ್ನು ಎಪಾಕ್ಸಿಯೆಂಬ ರಾಳದಲ್ಲಿ ಹುದುಗಿಸಿ ಗಟ್ಟಿ ಹಲಗೆಯಾಗಿಸುವುದನ್ನು ಅರಿತ ಮೇಲೆ, ಈ ಗಾದೆ ನಾರಿಗೆ ಅನ್ಯಾಯವೆಸಗಿದೆಯೆಂದು ನನಗೆ ತೋರಿದೆ.

ಇಂಥ ಹಲಗೆಯ ತುಂಡನ್ನು ತಿರುಗುವ ಉಕ್ಕಿನ ಬಿಲ್ಲೆಗೆ ಒತ್ತಿಹಿಡಿದು, ಕಳೆದುಹೋದ ತೂಕದಿಂದ ಸವೆತವನ್ನು ಅಳೆಯುತ್ತಾರೆ. ನಾರು ಸವೆಯುವ ಮೊದಲೇ ನಾರಿಗೂ ರಾಳಕ್ಕೂ ಇರುವ ನಂಟು ಬಿಡುವುದುಂಟು. ನಾರಿನ ಮೈಮೇಲಿನ ಮೇಣ ರಾಳವನ್ನು ಅಂಟಗೊಡದು. ಉಜ್ಜಿದಾಗ ಎಳೆಗಳು ಕಿತ್ತುಬರುತ್ತವೆ. ಆದ್ದರಿಂದ ನಾರನ್ನು ಮೊದಲು ಕಾಸ್ಟಿಕ್ ಸೋಡಾದ ತೆಳು ದ್ರಾವಣದಲ್ಲಿ ನೆನೆಸುತ್ತಾರೆ. ಇಂಗ್ಲೆಂಡಿನ ಜಾನ್ ಮರ್ಸರ್ ಹತ್ತಿಯ ಸಂಸ್ಕಾರಕ್ಕೆಂದು 1850ರಲ್ಲಿ ಪೇಟೆಂಟ್ ಪಡೆದ ಉಪಾಯದ ಸಂತತಿಯಿದು. ಮೇಣ ಕಳೆದು ಒರಟಾದ ಎಳೆಯನ್ನು ರಾಳ ಬಿಗಿಯಾಗಿ ಹಿಡಿಯುತ್ತದೆ, ಸವೆತ ತಗ್ಗುತ್ತದೆ. ದ್ರಾವಣ ಕಟುವಾದರೆ, ಹೊತ್ತು ಮೀರಿದರೆ, ನಾರೇ ಬಲಗುಂದುತ್ತದೆ. ಅತಿಯಾಗಿ ತಿದ್ದುವ ಸಂಪಾದಕರ ಕೈಗೆ ಸಿಕ್ಕ ಹಳಗನ್ನಡ ಪದ್ಯಗಳಿಗೂ ಇದೇ ಗತಿ!

ಇಷ್ಟೆಲ್ಲ ಶ್ರಮವೇಕೆ? ವಾಹನಗಳ ಬ್ರೇಕುಗಳಲ್ಲಿ ದಶಕಗಳ ಕಾಲ ಸವೆಯುತ್ತ ಬಂದದ್ದು ಕಲ್ನಾರು, ಎಂದರೆ ಆಸ್ಬೆಸ್ಟಾಸ್. ಅದರ ಧೂಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಸವೆದ ಪುಡಿ ಯಾರ ಎದೆಗೆ ಇಳಿಯುತ್ತದೆಂಬುದನ್ನು ತಕ್ಕಡಿ ಹೇಳಲಾರದು. ಆ ಜಾಗಕ್ಕೆ ಗಿಡದ ನಾರನ್ನು ತರುವ ಪ್ರಯೋಗಗಳು ನಡೆದಿವೆ. ಆದರೆ ಬ್ರೇಕು ಕಾಯುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಿಡದ ನಾರು ಕೆಡತೊಡಗುತ್ತದೆ. ಸೋಡಾದಲ್ಲಿ ಎಷ್ಟು ಮಿಂದರೂ ತೆಂಗು, ಕತ್ತಾಳೆ, ಅಡಿಕೆ ಯಾವುದರ ನಾರೂ ಈ ದೌರ್ಬಲ್ಯಕ್ಕೆ ಹೊರತಲ್ಲ.