ಸಂಧಿವಾತವೂ ಕಾಮಾಲೆಯೂ

ಕೀಲುಗಳು ಊದಿ, ಬೆಳಗಿನ ಹೊತ್ತು ಬೆರಳು ಮಡಿಸಲೂ ಆಗದ ಸಂಧಿವಾತವನ್ನು ತಾವು ಕಂಡಿರಬಹುದು. ಇಂಥ ರೋಗಿಯೊಬ್ಬರಿಗೆ 1929ರಲ್ಲಿ ಕಾಮಾಲೆಯಾಯಿತು. ಆಶ್ಚರ್ಯವೆಂದರೆ, ಕೀಲುನೋವು ಇಳಿಯಿತು. ಅಮೆರಿಕದ ಮೇಯೊ ಚಿಕಿತ್ಸಾಲಯದ ಡಾಕ್ಟರ್ ಫಿಲಿಪ್ ಹೆಂಚ್ ಇದನ್ನು ಕಾಕತಾಳೀಯವೆಂದು ಬಿಡಲಿಲ್ಲ. ನನಗೆ ಬಹುವಾಗಿ ಮೆಚ್ಚಾದುದು ಇದೇ. ಗರ್ಭಿಣಿಯರಲ್ಲಿಯೂ ಹಾಗೆಯೇ ಆಗುವುದನ್ನು ಗಮನಿಸಿ, ನೋವನ್ನು ತಗ್ಗಿಸುವ ದ್ರವ್ಯವೊಂದು ದೇಹದಲ್ಲಿಯೇ ಉಂಟೆಂದು ಊಹಿಸಿದರು. ಅಲ್ಲಿಯೇ ರಸಾಯನಜ್ಞರಾಗಿದ್ದ ಕೆಂಡಾಲರು ಮೂತ್ರಪಿಂಡಗಳ ಮೇಲಣ ಗ್ರಂಥಿಯಲ್ಲಿ ಗುರುತಿಸಿದ್ದ ವಸ್ತುವನ್ನು 1948ರ ಸೆಪ್ಟೆಂಬರಿನಲ್ಲಿ 29 ವರ್ಷದ ರೋಗಿಣಿಯೊಬ್ಬಳಿಗೆ ಸೂಜಿಮದ್ದಾಗಿ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಸಲೀಸಾಗಿ ನಡೆದಾಡಿದಳು. ಅದೇ ಕಾರ್ಟಿಸೋನ್. 1950ರ ನೊಬೆಲ್ ಬಹುಮಾನದಲ್ಲಿ ಇಬ್ಬರಿಗೂ ಪಾಲು ದೊರೆಯಿತು. ಆದರೆ ಔಷಧವನ್ನು ನಿಲ್ಲಿಸಿದಲ್ಲಿ ನೋವು ಮರಳುತ್ತಿತ್ತು. ಬಹುಕಾಲ ಕೊಟ್ಟಲ್ಲಿ ಮುಖ ಊದಿ ಎಲುಬುಗಳು ಟೊಳ್ಳಾಗುತ್ತಿದ್ದವು. ಇದು ರೋಗವನ್ನು ಕೀಳುವ ಮದ್ದೆಂದು ಹೆಂಚರು ಹೇಳಿಕೊಳ್ಳಲಿಲ್ಲ.