ಬೋರ್ಡಿನಲ್ಲಿ ಕನ್ನಡ, ಕಂಪ್ಯೂಟರಿನಲ್ಲಿ?

(ಕೊತ್ತತ್ತಿಯಲ್ಲಿ ರಾಜ್ಯೋತ್ಸವದ ಸಂಜೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಲಗ್ನಪತ್ರಿಕೆ, ನಾಟಕದ ಕರಪತ್ರ, ನಿಮ್ಮ ಹೋರಾಟದ ಭಿತ್ತಿಪತ್ರ ಅಚ್ಚು ಹಾಕುವವನು. ಅಂಗಡಿ ಬೋರ್ಡಿನಲ್ಲಿ ಕನ್ನಡ ಇಲ್ಲವೆಂದು ನಾವು ಬೀದಿಗಿಳಿಯುತ್ತೇವೆ. ಇಳಿಯಲೇಬೇಕು! ಆದರೆ ಮನೆಯಲ್ಲಿ ನಿಮ್ಮ ಕಂಪ್ಯೂಟರ್ ಯಾವ ಭಾಷೆಯಲ್ಲಿ ಮಾತಾಡುತ್ತದೆ? ಯಾರ ಅಪ್ಪಣೆಯಂತೆ ನಡೆಯುತ್ತದೆ?

ನನ್ನ ಕಥೆ ಹೇಳುತ್ತೇನೆ. ಯಾರೋ ಒಬ್ಬರು ಪ್ರೆಸ್ಸಿನ ಯಂತ್ರಕ್ಕೆ ಕದ್ದ ಪ್ರತಿಯೊಂದನ್ನು ಹಾಕಿಕೊಟ್ಟರು. "ಅಪ್‌ಡೇಟ್ ಮಾಡಬೇಡಿ, ನೆಟ್ ಎಲ್ಲಾ ಖಾಲಿಯಾಗುತ್ತೆ" ಎಂದರು. ನಾನೂ ತಲೆಯಾಡಿಸಿದೆ. ಮದುವೆ ಕಾಲದಲ್ಲೇ ವೈರಸ್ ಹೊಕ್ಕಿತು. ಅಚ್ಚಿಗೆ ಸಿದ್ಧವಾಗಿದ್ದ ಲಗ್ನಪತ್ರಿಕೆಗಳೆಲ್ಲ ಹಾಳು. ಹೆಣ್ಣಿನ ಅಪ್ಪಂದಿರು ಬಾಗಿಲಲ್ಲಿ ನಿಂತಿದ್ದರು. ಅಂದು ತಿಳಿಯಿತು, ಅಪ್‌ಡೇಟ್ ಎನ್ನುವುದು ಬೆಡಗಲ್ಲ, ಬಾಗಿಲಿಗೆ ಹಾಕುವ ಬೀಗ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ಎಷ್ಟೋ ಹಳೆಯ ಯಂತ್ರಗಳು 11ಕ್ಕೆ ಲಾಯಕ್ಕಲ್ಲವಂತೆ. ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕಬೇಕೆ? ಬೇಡ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಆರಂಭಿಸಿದ ಗ್ನೂ ಯೋಜನೆ, 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್, ಎರಡೂ ಸೇರಿ ಬೆಳೆದ ಮುಕ್ತ ವ್ಯವಸ್ಥೆ ನಮ್ಮ ಮುಂದಿದೆ. ಕಾಸಿಲ್ಲ, ಕಳ್ಳತನವಿಲ್ಲ. ಒಬ್ಬರು ತಂದದ್ದನ್ನು ಹತ್ತು ಜನಕ್ಕೆ ಹಂಚಿದರೆ ಕಾನೂನೇ ಒಪ್ಪುತ್ತದೆ.

ಯಾವುದನ್ನು ಆರಿಸಬೇಕು? ಹೆಸರು ನೂರಾರಿವೆ. ಹಳ್ಳಿಯ ನೆಟ್ಟಿಗೆ ನನ್ನ ಅಳತೆ ಎರಡೇ: ಕನ್ನಡ ಇರಬೇಕು, ಅವಸರ ಇರಬಾರದು. ಕೆಲವು ವ್ಯವಸ್ಥೆಗಳು ದಿನಾ ಹೊಸದಾಗುತ್ತವೆ. ಅವು ನಮ್ಮ ನೆಟ್ಟನ್ನು ನುಂಗಿಬಿಡುತ್ತವೆ. ಡೆಬಿಯನ್ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ತರುತ್ತದೆ. 13ನೆಯದು 2025ರ ಆಗಸ್ಟ್‌ನಲ್ಲಿ ಬಂತು. ನಡುವೆ ಬರುವುದು ಬಹುಪಾಲು ಭದ್ರತೆಯ ತೇಪೆ ಮಾತ್ರ. ಅದನ್ನು ಕೂರಿಸುವಾಗ ಭಾಷೆಯ ಪಟ್ಟಿಯಲ್ಲಿ ಕನ್ನಡವಿದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಕಗಪ ಕೀಲಿಮಣೆ ಇದೆ. ಗುಬ್ಬಿ, ನವಿಲು ಅಕ್ಷರಗಳು ಅದರ ಭಂಡಾರದಲ್ಲೇ ಸಿಗುತ್ತವೆ. 32 ಬಿಟ್‌ನ ತೀರಾ ಹಳೆಯ ಯಂತ್ರಕ್ಕೆ ಮಾತ್ರ 13ನ್ನು ಕೂರಿಸಲಾಗದು.

ಇಳಿಸುವ ಕಷ್ಟ ನನಗೂ ಗೊತ್ತು. ಸೆಕೆಂಡಿಗೆ 2 ಮೆಗಾಬಿಟ್ ಬರುವ ಕಡೆ 6 ಜಿಬಿ ಇಳಿಯಲು 7 ಗಂಟೆ ಬೇಕು. ಡೆಬಿಯನ್ನಿನ ಚಿಕ್ಕ ಪ್ರತಿ ಒಂದು ಜಿಬಿಯೊಳಗಿದೆ ಎಂದು ಹಿಗ್ಗಬೇಡಿ. ಉಳಿದದ್ದನ್ನು ಕೂರಿಸುವಾಗ ನೆಟ್ಟಿನಿಂದಲೇ ಎಳೆಯುತ್ತದೆ. ಪೂರ್ಣ ಪ್ರತಿಯನ್ನು ಟೊರೆಂಟಿನಲ್ಲಿ ರಾತ್ರಿ ಹಚ್ಚಿ ಮಲಗಿ. ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಇಳಿದ ಮೇಲೆ ಚೆಕ್‌ಸಮ್ ತಾಳೆ ನೋಡಿ.

ಇನ್ನು ಅಪ್‌ಡೇಟ್. 'ಆಪ್ಟ್ ಅಪ್‌ಡೇಟ್' ಪಟ್ಟಿ ಮಾತ್ರ ತರುತ್ತದೆ; 'ಆಪ್ಟ್ ಅಪ್‌ಗ್ರೇಡ್' ಸರಕು ತರುತ್ತದೆ. ಎಷ್ಟು ಎಂಬಿ ಎಂದು ಮೊದಲೇ ಹೇಳಿ ನಿಮ್ಮ ಒಪ್ಪಿಗೆ ಕೇಳುತ್ತದೆ. ವಾರಕ್ಕೊಮ್ಮೆ ಮಾಡಿದರೆ ಹೊರೆ ಹಗುರ. ನೆಟ್ಟೇ ಇಲ್ಲದ ಯಂತ್ರಕ್ಕೂ 'ಆಪ್ಟ್-ಆಫ್‌ಲೈನ್' ಇದೆ: ಬೇಕಾದ್ದರ ಪಟ್ಟಿಯನ್ನು ಪೆನ್‌ಡ್ರೈವಿಗೆ ಬರೆದುಕೊಂಡು, ನೆಟ್ ಇರುವ ಕಡೆ ಇಳಿಸಿ ತಂದು ಹಾಕಬಹುದು.

ಸುಳ್ಳು ಹೇಳಲಾರೆ, ಪ್ರೆಸ್ಸಿನ ಎಲ್ಲ ಕೆಲಸವೂ ಇನ್ನೂ ಇದರಲ್ಲಾಗದು. ಪೇಜ್‌ಮೇಕರಿನ ಹಳೆಯ ಕಡತ ಇಲ್ಲಿ ಯಾವಾಗಲೂ ಸರಿಯಾಗಿ ತೆರೆದುಕೊಳ್ಳದು. ಅದಕ್ಕೊಂದು ಹಳೆಯ ಯಂತ್ರ ಇಟ್ಟುಕೊಂಡಿದ್ದೇನೆ, ಅದಕ್ಕೆ ನೆಟ್ ಕೊಟ್ಟಿಲ್ಲ. ಹೊಸ ಕೆಲಸಕ್ಕೆ ಸ್ಕ್ರೈಬಸ್ ಇದೆ. 2024ರಲ್ಲಿ ಬಂದ 1.6ರಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ.

ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಓದುವ, ದುಡಿಯುವ ತಮ್ಮಂದಿರೇ, ತಂಗಿಯರೇ! ಅಲ್ಲಿ ನಿಮಗೆ ವೇಗದ ನೆಟ್ ಇದೆ. ಹಬ್ಬಕ್ಕೆ ಬರುವಾಗ ಜೇಬಿನಲ್ಲೊಂದು ಪೆನ್‌ಡ್ರೈವ್ ಇರಲಿ. ನಿಮ್ಮೂರ ಶಾಲೆಯ, ಸಂಘದ, ಅಂಗಡಿಯ ಒಂದೊಂದು ಯಂತ್ರ ಕನ್ನಡದಲ್ಲಿ ಎಚ್ಚರವಾಗಲಿ. ವಾಪಸ್ ಹೋಗುವಾಗ ಅಪ್‌ಡೇಟಿನ ಪಟ್ಟಿ ಒಯ್ಯಿರಿ, ಮುಂದಿನ ಹಬ್ಬಕ್ಕೆ ತನ್ನಿ. ಘೋಷಣೆ ಕೂಗಿದಷ್ಟೇ ದೊಡ್ಡ ಕೆಲಸ ಇದು.

ಸಿರಿಗನ್ನಡಂ ಗೆಲ್ಗೆ!